ಸ್ಕ್ರೂಗೆ ಕೈ ಹಾಕುವ ಮೊದಲು ವೈರ್ ಬಿಚ್ಚಿ ನೋಡಿ

ಪ್ರಶ್ನೆ: ನಮ್ಮದು ಬನಹಟ್ಟಿ. ಮನೆಯ ಮುಂದಿನ ಭಾಗದಲ್ಲಿ ಪವರ್‌ಲೂಮ್ ಮಗ್ಗಗಳಿವೆ, ಹಿಂದಿನ ಹಾಲ್‌ನಲ್ಲಿ ಟಿವಿ. ಬೆಳಗಾವಿ ಕ್ಯಾಂಪ್‌ನಲ್ಲಿ ವರ್ಗವಾಗಿ ಹೊರಟಿದ್ದವರೊಬ್ಬರ ಹತ್ತಿರ 10 ಇಂಚಿನ ಪವರ್ಡ್ ಸಬ್‌ವೂಫರ್ (ಒಳಗೇ ಆಂಪ್ಲಿಫೈಯರ್ ಇರುವ, ಬೇಸ್ ಬಾರಿಸುವ ಸ್ಪೀಕರ್ ಪೆಟ್ಟಿಗೆ) ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡೆ. ಅವರ ಮನೆಯಲ್ಲಿ ಚೆನ್ನಾಗಿಯೇ ಬಾರಿಸುತ್ತಿತ್ತು. ನಮ್ಮ ಮನೆಯಲ್ಲಿ ಎವಿ ರಿಸೀವರ್‌ಗೆ (ಟಿವಿಯ ಸೌಂಡನ್ನು ಸ್ಪೀಕರ್‌ಗಳಿಗೆ ಹಂಚುವ ಆಂಪ್ಲಿಫೈಯರ್) ಜೋಡಿಸಿದರೆ ಒಂದೇ ಸಮ ಗುಂಯ್ ಅನ್ನುತ್ತದೆ. ಮಗ್ಗ ಶುರುವಾದರೆ ಇನ್ನೂ ಜಾಸ್ತಿ. ಸಿನಿಮಾದಲ್ಲಿ ಬರೀ ಮಾತು ನಡೆಯುವಾಗ ತಾನಾಗಿಯೇ ಆಫ್ ಆಗುತ್ತದೆ. ಕೆಲವು ಹಾಡಿಗೆ ಟರ್ರ್ ಅಂತ ನಡುಗುತ್ತದೆ. ಇಲ್ಲಿನ ರಿಪೇರಿಯವರು ‘ಬೋರ್ಡ್ ಹೋಗೇತ್ರಿ, ಹೊಸಾದ್ ಹಾಕಬೇಕು’ ಅಂದರು. ಹಾಕಿಸಲೇ?

ಉತ್ತರ: ಸದ್ಯಕ್ಕೆ ಬೇಡ. ಬೋರ್ಡ್, ಅಂದರೆ ಪೆಟ್ಟಿಗೆಯೊಳಗಿನ ಆಂಪ್ಲಿಫೈಯರ್, ಕೆಟ್ಟಿರಲೂಬಹುದು, ಆದರೆ ಹಾಗೆ ಹೇಳಲು ಇನ್ನೂ ಕಾರಣ ಸಿಕ್ಕಿಲ್ಲ. ನಿಮ್ಮ ಪ್ರಶ್ನೆಯಲ್ಲೇ ದೊಡ್ಡ ಸುಳಿವಿದೆ. ಕ್ಯಾಂಪ್‌ನ ಮನೆಯಲ್ಲಿ ಸರಿಯಿದ್ದದ್ದು ನಿಮ್ಮಲ್ಲಿಗೆ ಬಂದ ಮೇಲೆ ಗುಂಯ್‌ಗುಡುತ್ತಿದೆ. ಪೆಟ್ಟಿಗೆ ಅದೇ. ಬದಲಾಗಿದ್ದು ಕರೆಂಟು, ಕೇಬಲ್ಲು, ಜೊತೆಗೆ ಜೋಡಿಸಿದ ಸಾಮಾನು. ಅದನ್ನೆಲ್ಲ ಬಿಟ್ಟು ಬೋರ್ಡ್ ಬದಲಿಸಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಹೊಸ ಬೋರ್ಡೂ ಗುಂಯ್ ಅನ್ನುತ್ತದೆ, ದುಡ್ಡು ಮಾತ್ರ ಹೋಗಿರುತ್ತದೆ.

ಅದೂ ಅಲ್ಲದೆ ನೀವು ಬರೆದಿರುವುದು ಮೂರು ಬೇರೆ ಬೇರೆ ತೊಂದರೆ: ಗುಂಯ್ ಸದ್ದು, ತಾನಾಗಿ ಆಫ್ ಆಗುವುದು, ನಡುಕ. ಮೂರಕ್ಕೂ ಒಂದೇ ಬೋರ್ಡ್ ಕಾರಣ ಆಗುವುದು ಅಪರೂಪ. ಒಂದೊಂದಾಗಿ ಹಿಡಿಯೋಣ.

ಶುರು ಮಾಡುವ ಮೊದಲು ಪ್ಲಗ್ ಕಿತ್ತು ಪೆಟ್ಟಿಗೆಯ ಹಿಂಭಾಗಕ್ಕೆ ಟಾರ್ಚ್ ಹಿಡಿದು ನೋಡಿ. ಅಲ್ಲಿ 230 ವೋಲ್ಟ್, 50 ಹರ್ಟ್ಸ್ ಅಂತ ಇರಬೇಕು. ಕೆಲವು ಮಾಡೆಲ್‌ಗಳಲ್ಲಿ 115/230 ಅಂತ ಚಿಕ್ಕ ಕೆಂಪು ಸ್ವಿಚ್ ಇರುತ್ತದೆ, ಅದು 230ರ ಕಡೆಗೇ ಇರಬೇಕು. ಅಮೆರಿಕದಿಂದ ಬಂದ ಪೆಟ್ಟಿಗೆಯಲ್ಲಿ 120 ವೋಲ್ಟ್ ಅಂತ ಮಾತ್ರ ಬರೆದಿದ್ದರೆ ಅದನ್ನು ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ ಸಾಕೆಟ್‌ಗೆ ಹಾಕಲೇಬಾರದು. ನಿಮ್ಮದು ಈಗಾಗಲೇ ಬಾರಿಸುತ್ತಿದೆ, ಆದ್ದರಿಂದ ಇಲ್ಲಿ ತೊಂದರೆ ಇರಲಾರದು. ಆದರೂ ಆ ಸ್ವಿಚ್ ಮೇಲೆ ಒಂದು ಟೇಪ್ ಅಂಟಿಸಿಬಿಡಿ, ಮಕ್ಕಳ ಕೈ ಹೋಗುವ ಜಾಗ ಅದು.

ಪಕ್ಕದಲ್ಲೇ ಫ್ಯೂಸ್ ಇರುತ್ತದೆ. ಅದನ್ನೂ ತೆಗೆದು ನೋಡಿ. ಸೆಕೆಂಡ್ ಹ್ಯಾಂಡ್ ಸಾಮಾನಿನ ಚರಿತ್ರೆ ಗೊತ್ತಾಗುವುದು ಇಲ್ಲೇ. ಬೆರಳಿನ ಒಂದು ಗೆಣ್ಣಿಗಿಂತ ಚಿಕ್ಕದಾದ ಗಾಜಿನ ಕೊಳವೆ ಅದು, 20 ಮಿ.ಮೀ. ಉದ್ದ. ಲೋಹದ ತುದಿಯ ಮೇಲೆ ‘ಟಿ 2 ಎ’ ಎಂಬಂಥ ಸಣ್ಣ ಅಕ್ಷರ ಕೊರೆದಿರುತ್ತಾರೆ. ಟಿ ಅಂದರೆ ನಿಧಾನ ಸುಡುವ ಫ್ಯೂಸ್. ಆನ್ ಮಾಡಿದ ಕ್ಷಣದ ಕರೆಂಟಿನ ಹೊಡೆತವನ್ನು ಅದು ತಡೆದುಕೊಳ್ಳುತ್ತದೆ. ಆ ಜಾಗದಲ್ಲಿ ‘ಎಫ್’ ಅಂತ ಇರುವ ಬೇಗ ಸುಡುವ ಫ್ಯೂಸ್ ಹಾಕಿದರೆ ಸುಮ್ನೆ ಹೋಗುತ್ತಲೇ ಇರುತ್ತದೆ. ಇನ್ನು ಫ್ಯೂಸ್ ಮೇಲೆ ಯಾರಾದರೂ ತಾಮ್ರದ ಎಳೆ ಸುತ್ತಿದ್ದರೆ, ಅಥವಾ ಬರೆದದ್ದಕ್ಕಿಂತ ದೊಡ್ಡ ಆಂಪಿಯರ್‌ನದು ಹಾಕಿದ್ದರೆ, ಆ ಪೆಟ್ಟಿಗೆ ಹಿಂದೆ ಒಮ್ಮೆ ಕೆಟ್ಟು ರಿಪೇರಿಯಾಗಿದೆ ಅಂತಲೇ ತಿಳಿಯಿರಿ. ಸರಿಯಾದ ಫ್ಯೂಸ್ ಹಾಕಿಯೇ ಮುಂದುವರಿಯಿರಿ.

ಈಗ ಗುಂಯ್ ಸದ್ದಿಗೆ ಬರೋಣ. ಇದೇ ಮುಖ್ಯ, ಇಲ್ಲಿ ಅವಸರ ಬೇಡ.

ರಿಸೀವರ್‌ನಿಂದ ಬರುವ ಆರ್‌ಸಿಎ ಕೇಬಲ್ಲನ್ನು (ನಡುವೆ ಒಂದೇ ಪಿನ್, ಸುತ್ತ ಲೋಹದ ಉಂಗುರ ಇರುವ ಸೌಂಡ್ ಕೇಬಲ್) ಸಬ್‌ವೂಫರ್ ಕಡೆಯಿಂದ ಕಿತ್ತುಬಿಡಿ. ಪವರ್ ಕಾರ್ಡ್ ಬಿಟ್ಟರೆ ಅದಕ್ಕೆ ಬೇರೆ ಏನೂ ತಾಗಿರಬಾರದು. ಸಿಗ್ನಲ್ ಇಲ್ಲದಾಗ ಪೆಟ್ಟಿಗೆಯನ್ನು ತಾನಾಗಿ ಮಲಗಿಸುವ ಆಟೋ ಸ್ವಿಚ್ಚನ್ನು ‘ಆನ್’ಗೆ ತಳ್ಳಿ, ವಾಲ್ಯೂಮ್ ಅರ್ಧಕ್ಕೆ ಇಡಿ. ಸದ್ದು ನಿಂತಿತೇ? ನಿಂತರೆ ನಿಮ್ಮ ಬೋರ್ಡ್ ಬಹುಪಾಲು ಚೆನ್ನಾಗಿದೆ. ನಿಮ್ಮ ಕೇಸಿನಲ್ಲಿ ನಿಲ್ಲುತ್ತದೆ ಅಂತಲೇ ನನ್ನ ಅಂದಾಜು.

ಆಮೇಲೆ ಮೊಬೈಲ್‌ನಿಂದ ಹಾಡು ಕೊಡಿ. 3.5 ಮಿ.ಮೀ. ಪಿನ್‌ನಿಂದ ಆರ್‌ಸಿಎಗೆ ಹೋಗುವ ಕೇಬಲ್ ಯಾವ ಮೊಬೈಲ್ ಅಂಗಡಿಯಲ್ಲೂ ಸಿಗುತ್ತದೆ. ಚಾರ್ಜರ್ ಮಾತ್ರ ಹಾಕಬೇಡಿ. ಬ್ಯಾಟರಿ ಮೇಲೆ ನಡೆಯುವ ಮೊಬೈಲ್‌ಗೆ ಅರ್ಥಿಂಗ್‌ನ ಸಂಬಂಧವೇ ಇರುವುದಿಲ್ಲ, ಈ ಪರೀಕ್ಷೆಯ ಜೀವ ಇರುವುದು ಅಲ್ಲೇ. ಹಾಡು ಶುದ್ಧವಾಗಿ ಬಂದು, ಗುಂಯ್ ಇಲ್ಲದಿದ್ದರೆ ಕಳ್ಳ ಹೊರಗಿದ್ದಾನೆ. ಅದೇ ಹೊತ್ತಿಗೆ ಒಂದು ಮಗ್ಗ ಶುರು ಮಾಡಿಸಿ, ಕೇಳಿ.

ಹೊರಗೆ ಆಗುವುದು ಏನೆಂದರೆ, ಸಬ್‌ವೂಫರ್, ರಿಸೀವರ್, ಟಿವಿ, ಸೆಟ್‌ಟಾಪ್ ಬಾಕ್ಸ್ ಇವೆಲ್ಲ ಕೇಬಲ್‌ಗಳ ಮೂಲಕ ಒಂದಕ್ಕೊಂದು ಅಂಟಿಕೊಂಡಿವೆ. ಜೊತೆಗೆ ಬೇರೆ ಬೇರೆ ದಾರಿಯಲ್ಲಿ ಭೂಮಿಗೂ ಅಂಟಿಕೊಂಡಿವೆ. ಸಬ್‌ವೂಫರ್ ಮೂರು ಪಿನ್‌ನ ಪ್ಲಗ್‌ನಿಂದ, ಸೆಟ್‌ಟಾಪ್ ಬಾಕ್ಸ್ ಮಾಳಿಗೆ ಮೇಲಿನ ಡಿಶ್‌ನಿಂದ ಅಥವಾ ಕೇಬಲ್‌ನವರು ಎಳೆದ ವೈರ್‌ನಿಂದ. ಈ ಎರಡು ಅರ್ಥ್‌ಗಳ ನಡುವೆ ಕೆಲವು ಮಿಲಿವೋಲ್ಟ್ ವ್ಯತ್ಯಾಸವಿದ್ದರೂ ಸಾಕು, ಅದು ಆರ್‌ಸಿಎ ಕೇಬಲ್‌ನ ಹೊರಗಿನ ಜಾಲರಿಯಲ್ಲಿ ಹರಿಯುತ್ತದೆ. ಆ ಜಾಲರಿ ಸಿಗ್ನಲ್‌ನ ಎರಡನೇ ಕಾಲೂ ಹೌದು. ಹೀಗಾಗಿ ಕರೆಂಟಿನ 50 ಹರ್ಟ್ಸ್ ಹಾಡಿನ ಜೊತೆ ಬೆರೆತುಬಿಡುತ್ತದೆ. ಚಿಕ್ಕ ಸ್ಪೀಕರ್ ಅದನ್ನು ತೋರಿಸುವುದಿಲ್ಲ. 50 ಹರ್ಟ್ಸ್ ಬಾರಿಸಲೆಂದೇ ಹುಟ್ಟಿದ ಸಬ್‌ವೂಫರ್ ಬಿಡುತ್ತದೆಯೇ?

ಆದ್ದರಿಂದ ಸಬ್‌ವೂಫರ್‌ನ್ನು ಮತ್ತೆ ರಿಸೀವರ್‌ಗೆ ಜೋಡಿಸಿ, ಈಗ ಸೆಟ್‌ಟಾಪ್ ಬಾಕ್ಸ್‌ನ ಹಿಂದಿನ ಡಿಶ್ ಕೇಬಲ್ ತಿರುಗಿಸಿ ಬಿಚ್ಚಿ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಸದ್ದು ನಿಲ್ಲುತ್ತದೆ. ನಿಲ್ಲದಿದ್ದರೆ ರಿಸೀವರ್‌ನಿಂದ ಟಿವಿಯ ಎಚ್‌ಡಿಎಂಐ ಕಿತ್ತು ನೋಡಿ, ಆಮೇಲೆ ರಿಸೀವರ್‌ಗೆ ಹೋದ ಉಳಿದವನ್ನು ಒಂದೊಂದಾಗಿ ಬಿಚ್ಚಿ. ಯಾವುದನ್ನು ಕಿತ್ತಾಗ ಸದ್ದು ಹೋಯಿತು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಎಲ್ಲವನ್ನೂ ಒಂದೇ ಸಲ ಅಲುಗಾಡಿಸಿದರೆ ಸದ್ದು ಹೋದರೂ ಯಾಕೆ ಹೋಯಿತು ಅನ್ನುವುದು ತಿಳಿಯುವುದಿಲ್ಲ, ಎರಡು ದಿನ ಬಿಟ್ಟು ಮತ್ತೆ ಬರುತ್ತದೆ.

ಮಗ್ಗ ಶುರುವಾದಾಗ ಜಾಸ್ತಿ ಆಗುವುದಕ್ಕೂ ಇದೇ ಬೇರು. ಮೋಟರ್ ಎದ್ದೇಳುವಾಗ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಅಷ್ಟು ಕರೆಂಟ್ ಹರಿದಾಗ ವೈರಿಂಗ್‌ನಲ್ಲಿ, ಅದರಲ್ಲೂ ಸಡಿಲ ಜಾಯಿಂಟ್ ಇರುವ ನ್ಯೂಟ್ರಲ್‌ನಲ್ಲಿ, ವೋಲ್ಟೇಜ್ ಬೀಳುತ್ತದೆ. ಅರ್ಥ್‌ಗಳ ನಡುವಿನ ವ್ಯತ್ಯಾಸ ಹಿಗ್ಗುತ್ತದೆ. ಮಗ್ಗಕ್ಕೆ ಬೇರೆ ಮೀಟರ್ ಇದ್ದೂ ಟಿವಿ ಕಡೆಗೆ ಮಗ್ಗದ ಬೋರ್ಡ್‌ನಿಂದ ಎಕ್ಸ್‌ಟೆನ್ಷನ್ ಎಳೆದಿದ್ದೀರಾ? ಹಾಗಿದ್ದರೆ ಅದನ್ನು ಇವತ್ತೇ ತೆಗೆಯಿರಿ. ಟಿವಿ, ರಿಸೀವರ್, ಸಬ್‌ವೂಫರ್ ಮೂರೂ ಮನೆಯ ಲೈನಿನ ಒಂದೇ ಸ್ವಿಚ್‌ಬೋರ್ಡ್‌ನಿಂದ ಕರೆಂಟ್ ತೆಗೆದುಕೊಳ್ಳಲಿ.

ವೈರ್‌ಮನ್ ಕರೆಸಿ ಆ ಸಾಕೆಟ್‌ನಲ್ಲಿ ಮೂರು ಅಳತೆ ತೆಗೆಸಿ. ಫೇಸ್‌ನಿಂದ ನ್ಯೂಟ್ರಲ್‌ಗೆ 230ರ ಆಸುಪಾಸು ಇರಬೇಕು. ಫೇಸ್‌ನಿಂದ ಅರ್ಥ್‌ಗೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದೆರಡು ವೋಲ್ಟ್. ಅಲ್ಲಿ ಇಪ್ಪತ್ತು ಮೂವತ್ತು ಬಂದರೆ ಅರ್ಥಿಂಗ್ ಇಲ್ಲ, ಇದ್ದರೂ ಎಲ್ಲೋ ಬಿಟ್ಟುಹೋಗಿದೆ. ಮಗ್ಗ ನಡೆಯುವಾಗಲೂ ಸರಿಯಾಗಿ ಸೊನ್ನೆಯೇ ಬಂದರೆ ಖುಷಿ ಪಡಬೇಡಿ. ಸಾಕೆಟ್ ಒಳಗೆ ಯಾರೋ ನ್ಯೂಟ್ರಲ್ ಮತ್ತು ಅರ್ಥ್ ಪಿನ್‌ಗೆ ತುಂಡು ವೈರ್ ಸೇರಿಸಿ ಕಟ್ಟಿರಬಹುದು. ಅಂಥ ಮನೆಯಲ್ಲಿ ನ್ಯೂಟ್ರಲ್ ಕಡಿದರೆ ಫ್ರಿಜ್ಜಿನ ಬಾಗಿಲು ಹಿಡಿದವರಿಗೂ ಶಾಕ್ ಹೊಡೆಯುತ್ತದೆ. ಅದು ಸಬ್‌ವೂಫರ್‌ಗಿಂತ ದೊಡ್ಡ ವಿಷಯ, ಮೊದಲು ಅದನ್ನು ಸರಿ ಮಾಡಿಸಿ.

ನಮ್ಮ ಬಾಗಲಕೋಟೆ, ವಿಜಯಪುರದ ಕಡೆ ಇನ್ನೊಂದು ಉಂಟು. ಬೇಸಿಗೆಯಲ್ಲಿ ಎರೆ ಭೂಮಿ ಒಣಗಿ ಬಿರಿಯುತ್ತದೆ, ಅರ್ಥಿಂಗ್ ಗುಂಡಿಯೂ ಒಣಗುತ್ತದೆ. ಒಣ ಮಣ್ಣಿನಲ್ಲಿ ಕರೆಂಟ್ ಇಳಿಯುವುದಿಲ್ಲ. ಮಳೆಗಾಲದಲ್ಲಿ ಸುಮ್ಮನಿದ್ದ ಸೆಟ್ ಏಪ್ರಿಲ್‌ನಲ್ಲಿ ಗುಂಯ್‌ಗುಟ್ಟಿದರೆ ಗುಂಡಿಗೆ ಎರಡು ಕೊಡ ನೀರು ಹಾಕಿ ನೋಡಿ. ಬೆಳಗಾವಿಯ ಮಳೆಗೆ ಅಲ್ಲಿನ ಮಣ್ಣು ಹಸಿಯಾಗಿರುವುದೇ ಜಾಸ್ತಿ, ಅಲ್ಲಿನವರಿಗೆ ಈ ಪಾಡು ಕಡಿಮೆ.

ಒಂದು ಕೆಲಸ ಮಾತ್ರ ಮಾಡಬೇಡಿ. ‘ಅರ್ಥ್ ಪಿನ್ ಮುರಿದು ಹಾಕ್ರಿ, ಸದ್ದು ಹೋಗ್ತೈತಿ’ ಅಂತ ಸಲಹೆ ಕೊಡುವವರು ಊರಿಗೊಬ್ಬರು ಇರುತ್ತಾರೆ. ಸದ್ದು ಹೋಗುತ್ತದೆ, ನಿಜ. ನಾಳೆ ಒಳಗೆ ಒಂದು ವೈರ್ ಸಡಿಲವಾಗಿ ಹಿಂದಿನ ಲೋಹದ ತಟ್ಟೆಗೆ ತಾಗಿದರೆ ಅದೇ ಪಿನ್ ನಿಮ್ಮ ಜೀವ ಉಳಿಸಬೇಕಾದದ್ದು.

ಹಾಗಾದರೆ ದಾರಿ ಏನು? ಕಳ್ಳ ಡಿಶ್ ಕೇಬಲ್ ಆಗಿದ್ದರೆ, ಟಿವಿಯಿಂದ ರಿಸೀವರ್‌ಗೆ ಎಚ್‌ಡಿಎಂಐ ಬದಲು ಆಪ್ಟಿಕಲ್ ಕೇಬಲ್‌ನಲ್ಲಿ ಸೌಂಡ್ ಕೊಡಿ. ಬಾಕ್ಸ್ ಕೂಡ ಟಿವಿಗೇ ಜೋಡಿಸಿರಲಿ, ರಿಸೀವರ್‌ಗೆ ಬೇಡ. ಆಪ್ಟಿಕಲ್‌ನಲ್ಲಿ ಹೋಗುವುದು ಬೆಳಕು, ತಾಮ್ರದ ಸಂಬಂಧವೇ ಕಡಿದುಹೋಗುತ್ತದೆ. ನನ್ನ ಪ್ರಕಾರ ಇದೇ ಒಳ್ಳೆಯದು. ಎರಡನೆಯದು ಆರ್‌ಸಿಎ ಕೇಬಲ್ ನಡುವೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್. ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ತೀರಾ ಅಗ್ಗದ್ದು ತಗೊಂಡರೆ ಗುಂಯ್ ಜೊತೆಗೆ 30–40 ಹರ್ಟ್ಸ್ ಕೆಳಗಿನ ಬೇಸ್ ಕೂಡ ಹೋಗುತ್ತದೆ, ಆಗ ಸಬ್‌ವೂಫರ್ ಯಾಕೆ ಬೇಕು?

ಇಷ್ಟೆಲ್ಲ ಆದ ಮೇಲೂ, ಏನೂ ಜೋಡಿಸದೆ ಬರೀ ಪವರ್ ಕೊಟ್ಟಾಗಲೇ ಗುಂಯ್ ಅಂದರೆ ಆಗ ಒಳಗೆ ನೋಡಬೇಕು. ವಾಲ್ಯೂಮ್ ಸೊನ್ನೆ ಮಾಡಿ. ಸದ್ದು ಸ್ವಲ್ಪವೂ ಬದಲಾಗದಿದ್ದರೆ ತೊಂದರೆ ವಾಲ್ಯೂಮ್ ಕಂಟ್ರೋಲ್‌ನ ಆಚೆಗಿದೆ, ಸಾಮಾನ್ಯವಾಗಿ ಪವರ್ ಸಪ್ಲೈನಲ್ಲಿ ಕರೆಂಟಿನ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪ್ಯಾಸಿಟರ್ ಒಣಗಿರುತ್ತದೆ. ಮೊಬೈಲ್‌ನಲ್ಲಿ ಸ್ಪೆಕ್ಟ್ರಮ್ (ಯಾವ ಹರ್ಟ್ಸ್‌ನಲ್ಲಿ ಎಷ್ಟು ಸದ್ದು ಅನ್ನುವುದು) ತೋರಿಸುವ ಆಪ್ ಇದ್ದರೆ ಇನ್ನೂ ಖಚಿತ. ಅರ್ಥಿಂಗ್ ತೊಂದರೆಯಲ್ಲಿ ಎತ್ತರದ ಗೆರೆ ಬಹುತೇಕ 50ರ ಹತ್ತಿರ ನಿಲ್ಲುತ್ತದೆ, ಒಣಗಿದ ಕೆಪ್ಯಾಸಿಟರ್‌ನಲ್ಲಿ 100ರ ಹತ್ತಿರ. ಕೋನ್ (ಸ್ಪೀಕರ್‌ನ ನಡುಗುವ ಬಟ್ಟಲು) ಅಲುಗದೆ ಪೆಟ್ಟಿಗೆಯ ಹಿಂಭಾಗ ಮಾತ್ರ ಗುಂಯ್ ಅಂದರೆ ಟ್ರಾನ್ಸ್‌ಫಾರ್ಮರ್‌ನ ನಡುಕ, ಅದರ ಸ್ಕ್ರೂ ಬಿಗಿ ಮಾಡಿಸಿದರೆ ಎಷ್ಟೋ ಸಲ ಕಡಿಮೆಯಾಗುತ್ತದೆ.

ಎರಡನೆಯ ತೊಂದರೆ, ತಾನಾಗಿ ಆಫ್ ಆಗುವುದು. ಮಾತು ನಡೆಯುವಾಗ ಮಾತ್ರ ಆಫ್ ಆಗುತ್ತದೆ ಅಂದಿದ್ದೀರಿ. ಹಾಗಾದರೆ ಅದು ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ. ಆಟೋದಲ್ಲಿ ಇಟ್ಟಾಗ ಕೆಲವು ನಿಮಿಷ ಸಿಗ್ನಲ್ ಬರದಿದ್ದರೆ ಮಲಗುತ್ತದೆ, ಮತ್ತೆ ಏಳಲು ಕೆಲವು ಮಿಲಿವೋಲ್ಟ್ ಸಿಗ್ನಲ್ ಬೇಕು. ನೀವು ಬಹುಶಃ ರಿಸೀವರ್ ಮೆನುವಿನಲ್ಲಿ ಸಬ್‌ವೂಫರ್ ಲೆವೆಲ್ಲನ್ನು ಮೈನಸ್‌ನಲ್ಲಿ ಇಟ್ಟು, ಪೆಟ್ಟಿಗೆಯ ವಾಲ್ಯೂಮ್ ಜಾಸ್ತಿ ಇಟ್ಟಿದ್ದೀರಿ. ಅದನ್ನು ಉಲ್ಟಾ ಮಾಡಿ. ರಿಸೀವರ್‌ನಲ್ಲಿ ಸೊನ್ನೆಯ ಹತ್ತಿರ ತನ್ನಿ, ಪೆಟ್ಟಿಗೆಯಲ್ಲಿ ಅರ್ಧಕ್ಕಿಂತ ಕಡಿಮೆ ಮಾಡಿ. ಗುಂಯ್ ಕೂಡ ಸ್ವಲ್ಪ ಇಳಿಯುತ್ತದೆ, ಅದು ಪುಕ್ಕಟೆ ಲಾಭ. ಅಥವಾ ಸ್ವಿಚ್ಚನ್ನು ‘ಆನ್’ಗೆ ಇಟ್ಟು, ಮಲಗುವ ಮುಂಚೆ ಗೋಡೆಯ ಸ್ವಿಚ್ ಆರಿಸಿ.

ಮೆನು ತೆರೆದಾಗ ಇನ್ನೊಂದು ನೋಡಿಕೊಳ್ಳಿ. ಮುಂದಿನ ಸ್ಪೀಕರ್‌ಗಳು ‘ಲಾರ್ಜ್’ ಅಂತ ಇದ್ದರೆ ಬಹಳಷ್ಟು ರಿಸೀವರ್‌ಗಳು ಹಾಡಿನ ಬೇಸ್ಸನ್ನು ಸಬ್‌ವೂಫರ್‌ಗೆ ಕಳಿಸುವುದೇ ಇಲ್ಲ. ‘ಸ್ಮಾಲ್’ ಮಾಡಿ, ಕ್ರಾಸ್‌ಓವರ್ (ಎಷ್ಟು ಹರ್ಟ್ಸ್‌ನ ಕೆಳಗಿನದು ಸಬ್‌ವೂಫರ್‌ಗೆ ಹೋಗಬೇಕು ಅನ್ನುವ ಗಡಿ) 80 ಹರ್ಟ್ಸ್ ಇಡಿ, ಪೆಟ್ಟಿಗೆಯ ಮೇಲಿನ ಕ್ರಾಸ್‌ಓವರ್ ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿ. ಎರಡು ಕಡೆ ಕತ್ತರಿಸುವುದು ಬೇಡ.

ಜೋರು ಸೀನ್‌ನಲ್ಲಿ ಆಫ್ ಆದರೆ ಮಾತ್ರ ಕಥೆ ಬೇರೆ. ಆಗ ಬಿಸಿ, ಓವರ್‌ಲೋಡ್ ಅಥವಾ ವೋಲ್ಟೇಜ್ ಕುಸಿತ. ಮಗ್ಗಗಳೆಲ್ಲ ನಡೆಯುವ ಹೊತ್ತಿಗೆ ಸಾಕೆಟ್‌ನಲ್ಲಿ ಎಷ್ಟು ವೋಲ್ಟ್ ಇದೆ ಅಳೆಸಿ. 180ರ ಕೆಳಗೆ ಹೋಗುತ್ತಿದ್ದರೆ ಸ್ಟೆಬಿಲೈಜರ್ ಹಾಕಿ. ಹಿಂದಿನ ತಟ್ಟೆಯನ್ನು ಒಣ ಕಟ್ಟಿಗೆಯಿಂದ ಮೆಲ್ಲಗೆ ತಟ್ಟಿದಾಗ ಆನ್-ಆಫ್ ಆಗುತ್ತಿದ್ದರೆ ಡ್ರೈ ಸೋಲ್ಡರ್, ಅಂದರೆ ಬೆಸುಗೆ ಬಿಟ್ಟಿದೆ. ಸಬ್‌ವೂಫರ್‌ನ ಬೋರ್ಡ್ ದಿನವೂ ನಡುಗುವ ಪೆಟ್ಟಿಗೆಯೊಳಗೇ ಕೂತಿರುತ್ತದೆ, ಮೇಲಾಗಿ ನಿಮ್ಮದು ಬೆಳಗಾವಿಯಿಂದ ಗಾಡಿಯಲ್ಲಿ ಕುಲುಕಿಕೊಂಡು ಬಂದಿದೆ. ಭಾರವಾದ ಬಿಡಿಭಾಗಗಳ ಕಾಲಿನ ಸುತ್ತ ಕೂದಲೆಳೆಯಂಥ ಉಂಗುರದ ಬಿರುಕು ಬಿಡುವುದು ಸಹಜ. ಮತ್ತೆ ಬೆಸೆದರೆ ಮುಗಿಯಿತು, ಹೊಸ ಬೋರ್ಡ್ ಬೇಕಿಲ್ಲ.

ಮೂರನೆಯದು ಟರ್ರ್ ಸದ್ದು. ಕೆಲವೇ ಹಾಡಿಗೆ ಬರುತ್ತದೆ ಅಂದರೆ ಒಂದು ನಿರ್ದಿಷ್ಟ ಸ್ವರಕ್ಕೆ ಏನೋ ನಡುಗುತ್ತಿದೆ. ಟೋನ್ ಜನರೇಟರ್ ಆಪ್‌ನಿಂದ ಕಡಿಮೆ ವಾಲ್ಯೂಮ್‌ನಲ್ಲಿ 25 ಹರ್ಟ್ಸ್‌ನಿಂದ 100ರ ತನಕ ನಿಧಾನಕ್ಕೆ ಏರಿಸುತ್ತಾ ಹೋಗಿ. ಟರ್ರ್ ಬಂದ ಕಡೆ ನಿಲ್ಲಿಸಿ, ಎದ್ದು ಹೋಗಿ ಹಾಲ್‌ನ ಸಾಮಾನು ಒಂದೊಂದನ್ನೇ ಅಂಗೈಯಿಂದ ಒತ್ತಿ ಹಿಡಿಯಿರಿ. ಶೋಕೇಸಿನ ಗಾಜು, ತಿಜೋರಿಯ ಬಾಗಿಲು, ಮಾಡದಲ್ಲಿನ ಸ್ಟೀಲ್ ಡಬ್ಬಿ, ಕಿಟಕಿಯ ಚಿಲಕ, ಹೊರಗಿನ ಪತ್ರಾಸು. ಪೆಟ್ಟಿಗೆಯನ್ನೇ ಬೈಯುವ ಮುಂಚೆ ಇವುಗಳ ವಿಚಾರಣೆ ಆಗಲಿ.

ಪೆಟ್ಟಿಗೆಯದ್ದೇ ತಪ್ಪಾದರೆ ಪ್ಲಗ್ ಕಿತ್ತು, ಮುಂದಿನ ಜಾಲರಿ ತೆಗೆದು ಕೋನ್ ನೋಡಿ. ಸುತ್ತಲಿನ ಅಂಚು ರಬ್ಬರಿನದೇ, ಫೋಮಿನದೇ? ಫೋಮ್ ಆದರೆ ಹತ್ತು ಹದಿನೈದು ವರ್ಷದಲ್ಲಿ ಹುಡಿಯಾಗುತ್ತದೆ, ಬೆರಳು ತಾಗಿಸಿದರೆ ಕಪ್ಪು ಪುಡಿ ಅಂಟುತ್ತದೆ. ಇನ್ನು ಎರಡೂ ಕೈಯ ಬೆರಳನ್ನು ಕೋನ್ ಮೇಲೆ ಸಮನಾಗಿ ಹರಡಿ, ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ಸದ್ದಿಲ್ಲದೆ ಹೋಗಿ ಬರಬೇಕು. ಕರಕರ ಅಂದರೆ ಕೋನ್ ಹಿಂದಿನ ತಂತಿಸುರುಳಿ, ಅಂದರೆ ವಾಯ್ಸ್ ಕಾಯಿಲ್, ಉಜ್ಜುತ್ತಿದೆ, ಕಾಯಿಲ್ ಕಟ್ಟಿಸಬೇಕು. ಗಣಪತಿ ಹಬ್ಬದ ಡಿಜೆ ಸ್ಪೀಕರ್ ಕಟ್ಟುವವರು ನಮ್ಮ ಕಡೆ ಬೇಕಾದಷ್ಟಿದ್ದಾರೆ, ಕೈ ಚೆನ್ನಾಗಿದೆ. ಆದರೆ ಅವರ ಅಭ್ಯಾಸದ ಬಿರುಸಾದ ಪೇಪರ್ ಕೋನ್ ಮತ್ತು ಬಟ್ಟೆಯ ಅಂಚು ನಿಮಗೆ ಆಗುವುದಿಲ್ಲ. ಈಗ ಇರುವ ಅಳತೆಯ ಮೆತ್ತನೆ ರಬ್ಬರ್ ಅಂಚೇ ಹಾಕಿ ಅಂತ ಒತ್ತಿ ಹೇಳಿ.

ಪೋರ್ಟ್ ಒಳಗೂ ಟಾರ್ಚ್ ಹಾಕಿ. ಗಾಳಿ ಹೋಗಿಬರುವ ಆ ಕೊಳವೆಯಲ್ಲಿ ಹಲ್ಲಿ ಮೊಟ್ಟೆ ಇಟ್ಟಿರುತ್ತದೆ, ಮಕ್ಕಳು ಆಟಿಕೆ ತುರುಕಿರುತ್ತಾರೆ. ಮಗ್ಗದ ಮನೆಗಳಲ್ಲಿ ಹತ್ತಿಯ ನವಿರು ಧೂಳು ಹಾರಾಡುತ್ತಿರುತ್ತದಲ್ವಾ, ಅದು ಹಿಂದೆ ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್‌ನ ಸಂದುಗಳಲ್ಲಿ ಬಿಳಿ ಕಂಬಳಿಯ ಹಾಗೆ ಕೂತುಬಿಡುತ್ತದೆ. ತಿಂಗಳಿಗೊಮ್ಮೆ ಒಣ ಬ್ರಷ್‌ನಿಂದ ತೆಗೆಯಿರಿ, ಇಲ್ಲವಾದರೆ ಬೋರ್ಡ್ ನಿಜಕ್ಕೂ ಹೋಗುತ್ತದೆ.

ಕೆಲವು ಸಲ ಟರ್ರ್ ಇರದೆ ಒಂದೇ ಸ್ವರ ಮಾತ್ರ ಕೋಣೆ ತುಂಬ ದಬದಬ ಅನ್ನುತ್ತದೆ. ಅದು ಕೋಣೆಯ ಅಳತೆಯ ಆಟ. 10 ಅಡಿ ಅಗಲದ ಕೋಣೆಯಲ್ಲಿ 56 ಹರ್ಟ್ಸ್ ಸುತ್ತಮುತ್ತ, 15 ಅಡಿ ಉದ್ದಕ್ಕೆ 38ರ ಹತ್ತಿರ ಸದ್ದು ಎದ್ದು ನಿಲ್ಲುತ್ತದೆ. ಕಲ್ಲಿನ ಗೋಡೆ, ಕಲ್ಲಿನ ಹಾಸು ಇದ್ದರಂತೂ ಇನ್ನೂ ಜೋರು. ಮೂಲೆಯಿಂದ ಪೆಟ್ಟಿಗೆಯನ್ನು ಎರಡು ಮೂರು ಅಡಿ ಸರಿಸಿ. ತಾಳ್ಮೆ ಇದ್ದರೆ ಪೆಟ್ಟಿಗೆಯನ್ನು ನೀವು ಕೂರುವ ಜಾಗದಲ್ಲಿಟ್ಟು ಹಾಡು ಹಚ್ಚಿ, ಗೋಡೆಯ ಗುಂಟ ಬಗ್ಗಿಕೊಂಡು ಓಡಾಡಿ. ಬೇಸ್ ಎಲ್ಲಿ ಹದವಾಗಿ ಕೇಳುತ್ತದೋ ಪೆಟ್ಟಿಗೆಗೆ ಅದೇ ಜಾಗ. ಮನೆಯವರು ನಗುತ್ತಾರೆ, ನಗಲಿ. ಆಮೇಲೆ 0 ಮತ್ತು 180 ಅಂತ ಬರೆದ ಸ್ವಿಚ್ ಎರಡೂ ಕಡೆ ಹಾಕಿ, ಕೂತಲ್ಲಿ ಯಾವುದು ತುಂಬಿ ಕೇಳುತ್ತದೋ ಅದನ್ನು ಇಟ್ಟುಕೊಳ್ಳಿ.

ಪೆಟ್ಟಿಗೆ ಬಿಚ್ಚುವ ಕೆಲಸ ಅಭ್ಯಾಸ ಇರುವವರಿಗೇ ಬಿಡಿ. ಎಸ್‌ಎಂಪಿಎಸ್ (ದೊಡ್ಡ ಟ್ರಾನ್ಸ್‌ಫಾರ್ಮರ್ ಇಲ್ಲದ ಪವರ್ ಸಪ್ಲೈ) ಇರುವ ಬೋರ್ಡ್‌ನ ದೊಡ್ಡ ಕೆಪ್ಯಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್‌ಗೂ ಜಾಸ್ತಿ ಡಿಸಿ ಉಳಿದಿರಬಹುದು. ರಿಪೇರಿಗೆ ಕೊಡಲೇಬೇಕಾಗಿ ಬಂದರೆ ಬರೀ ಬೋರ್ಡ್ ಕಿತ್ತು ಒಯ್ಯಬೇಡಿ, ಇಡೀ ಪೆಟ್ಟಿಗೆ ಒಯ್ಯಿರಿ. ಮುಂದೆ ನಿಂತು ಮೂರು ವಿಷಯ ಕೇಳಿ. ಸ್ಪೀಕರ್‌ನ ಓಮ್ ಎಷ್ಟು ಬಂತು? 4 ಓಮ್‌ನದಾದರೆ ಮೀಟರ್‌ನಲ್ಲಿ ಮೂರು ಚಿಲ್ಲರೆ, 8ರದಾದರೆ ಆರರ ಹತ್ತಿರ ತೋರಿಸಬೇಕು. ಕೆಪ್ಯಾಸಿಟರ್‌ನ ತಲೆ ಉಬ್ಬಿದೆಯೇ, ಅದರ ಬುಡದ ಹಳದಿ ಗೋಂದು ಕಂದಾಗಿ ಗಟ್ಟಿಯಾಗಿದೆಯೇ? ಹಳತಾಗಿ ಸುಟ್ಟ ಆ ಗೋಂದು ಕರೆಂಟ್ ಹರಿಸುತ್ತದೆ, ಪಕ್ಕದ ಬಿಡಿಭಾಗಗಳ ಕಾಲನ್ನೂ ತಿನ್ನುತ್ತದೆ. ಅದನ್ನು ಕೆರೆದು ತೆಗೆಸಿ. ಮೂರನೆಯದು, ಸೀರೀಸ್ ಬಲ್ಬ್ (ಕರೆಂಟ್ ಬರುವ ದಾರಿಯ ನಡುವೆ ಜೋಡಿಸುವ ಬಲ್ಬ್) ಹಾಕಿ ಆನ್ ಮಾಡಿದರೇ? 60 ಅಥವಾ 100 ವ್ಯಾಟ್‌ನ ಹಳೇ ಕಾಲದ ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಬೋರ್ಡ್‌ನಲ್ಲಿ ಶಾರ್ಟ್ ಇಲ್ಲ. ಉರಿಯುತ್ತಲೇ ನಿಂತರೆ ಇದೆ, ಹೆಚ್ಚಾಗಿ ಸ್ಪೀಕರ್‌ಗೆ ಶಕ್ತಿ ಕೊಡುವ ಟ್ರಾನ್ಸಿಸ್ಟರ್ (ಔಟ್‌ಪುಟ್ ಮಾಸ್ಫೆಟ್) ಹೋಗಿರುತ್ತದೆ.

ಬಲ್ಬ್ ಉರಿಯುತ್ತಲೇ ನಿಂತು, ಬೋರ್ಡ್‌ನ ತಾಮ್ರದ ಗೆರೆಗಳೇ ಸುಟ್ಟು ಎದ್ದಿದ್ದರೆ ಆಗ ಹೊಸ ಬೋರ್ಡ್ ಹಾಕಿಸಿ, ನನ್ನ ತಕರಾರಿಲ್ಲ. ನಿಮ್ಮ ಸ್ಪೀಕರ್‌ನ ಓಮ್‌ಗೆ, ಪೆಟ್ಟಿಗೆಯ ಹಿಂದಿನ ಕಿಂಡಿಯ ಅಳತೆಗೆ ಹೊಂದುವುದನ್ನೇ ತರಿಸಿ, ಹಳೆಯ ಬೋರ್ಡನ್ನು ಕೇಳಿ ಮನೆಗೆ ತನ್ನಿ. ಟ್ರಾನ್ಸ್‌ಫಾರ್ಮರ್ ಇದ್ದರೆ ಅದೊಂದಕ್ಕೇ ಒಳ್ಳೆ ಬೆಲೆ ಇದೆ.